ದೊಡ್ಡ ನಟ್ಟು, ಉದ್ದ ಪೈಪು, ನೀರಿನ ಕ್ಯಾನು: ಮನೆಯಲ್ಲೇ ಟಾರ್ಕ್ ಅಳೆಯುವ ಬಗೆ

ಸಣ್ಣ ಕಾರಿನ ಮುಂದಿನ ಚಕ್ರದ ನಟ್ಟನಡುವೆ, ಕ್ಯಾಪ್ ತೆಗೆದರೆ, ಒಂದು ದೊಡ್ಡ ನಟ್ಟು ಕಾಣುತ್ತದೆ. ಆಕ್ಸಲ್ ನಟ್ಟು ಅಂತಾರೆ, ಕೆಲವರು ಹಬ್ ನಟ್ಟು ಅಂತಾರೆ. ಮಾರುತಿ 800 ಕಾಲದಿಂದ ಇವತ್ತಿನವರೆಗೆ ನಮ್ಮ ಬಹುತೇಕ ಸಣ್ಣ ಕಾರುಗಳಲ್ಲಿ ಎಂಜಿನ್ನಿನ ಶಕ್ತಿ ಹೋಗುವುದು ಮುಂದಿನ ಚಕ್ರಗಳಿಗೆ. ಹಾಗಾಗಿ ಆ ಶಕ್ತಿಯನ್ನು ಚಕ್ರಕ್ಕೆ ಮುಟ್ಟಿಸುವ ಡ್ರೈವ್ ಶಾಫ್ಟಿನ ರಬ್ಬರ್ ಬೂಟು ಹರಿದರೂ, ವೀಲ್ ಬೇರಿಂಗ್ ಗುಂಯ್ ಅನ್ನಲು ಶುರು ಮಾಡಿದರೂ ಈ ನಟ್ಟಿಗೇ ಕೈ ಹಾಕಬೇಕು. ಮನೆಯ ಅಂಗಳದಲ್ಲಿ ರಿಪೇರಿ ಮಾಡುವವರಿಗೆ ಎದುರಾಗುವ ನಟ್ಟುಗಳಲ್ಲಿ ಇದೇ ದೊಡ್ಡದು. 30 ಅಥವಾ 32 ಮಿಲಿಮೀಟರ್ ಸಾಕೆಟ್ ಬೇಕಾಗುತ್ತದೆ. ಇದಕ್ಕೆ ಸಾಮಾನ್ಯವಾಗಿ 150ರಿಂದ 250 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ತಿರುಗಿಸುವ ಬಲ, ಕೇಳುತ್ತಾರೆ. ಚಕ್ರದ ನಾಲ್ಕು ನಟ್ಟುಗಳಲ್ಲಿ ಒಂದೊಂದಕ್ಕೆ ಬೇಕಾದದ್ದರ ಸರಿಸುಮಾರು ಎರಡರಷ್ಟು.

ಬಿಚ್ಚುವ ಕೆಲಸ ಹೇಗೋ ಆಗುತ್ತದೆ. ಸ್ಪ್ಯಾನರಿಗೆ ಒಂದು ಪೈಪು ಸಿಕ್ಕಿಸಿ, ಮೇಲೆ ನಿಂತು ತುಳಿದರೆ ಎಂಥ ನಟ್ಟೂ ಕದಲುತ್ತದೆ. ಅಲ್ಲಿ ಇರುವುದು ಒಂದೇ ಪ್ರಶ್ನೆ: ಸಡಿಲ ಆಯ್ತಾ, ಇಲ್ವಾ? ವಾಪಸ್ ಹಾಕುವಾಗ ಮಾತ್ರ ಪ್ರಶ್ನೆ ಬದಲಾಗುತ್ತದೆ. ಎಷ್ಟು ಬಿಗಿಯಬೇಕು? ಅದೇ ಪೈಪು, ಅದೇ ತುಳಿತ ಅಲ್ಲಿ ಉತ್ತರ ಕೊಡುವುದಿಲ್ಲ. ಬಲ ಹುಟ್ಟಿಸುವುದು ಯಾರಿಗೂ ಕಷ್ಟ ಅಲ್ಲ. ಆ ಬಲ ಎಷ್ಟು ಅಂತ ತಿಳಿಯುವ ದಾರಿ ಬೇಕು. ಆ ದಾರಿ ಮನೆಯಲ್ಲಿರುವ ಸಾಮಾನಿನಲ್ಲೇ ಇದೆ. ಅದಕ್ಕೆ ಮೊದಲು ಬೋಲ್ಟಿನ ಒಳಗೆ ಏನಾಗುತ್ತದೆ ಅಂತ ಸ್ವಲ್ಪ ನೋಡೋಣ.

ಬೋಲ್ಟು ಹಿಗ್ಗುತ್ತದೆ

ಬಿಗಿದ ಬೋಲ್ಟು ರಬ್ಬರ್ ಬ್ಯಾಂಡಿನ ಹಾಗೆ ಎಳೆತದಲ್ಲಿರುತ್ತದೆ. ನಟ್ಟು ತಿರುಗಿದಂತೆ ಬೋಲ್ಟಿನ ದಂಡ ಉದ್ದಕ್ಕೆ ಹಿಗ್ಗುತ್ತದೆ. ಹಿಗ್ಗಿದ ಉಕ್ಕು ಮತ್ತೆ ಕುಗ್ಗಲು ನೋಡುತ್ತದೆ. ಆ ಕುಗ್ಗುವ ಬಲವೇ ಎರಡು ಭಾಗಗಳನ್ನು ಒತ್ತಿ ಹಿಡಿಯುವುದು. ಹಿಗ್ಗುವುದು ಕಣ್ಣಿಗೆ ಕಾಣದಷ್ಟು ಕಮ್ಮಿ, ಆದರೆ ಬಲ ಟನ್ನುಗಳ ಲೆಕ್ಕದಲ್ಲಿರುತ್ತದೆ. ಹಿಗ್ಗು ಸಾಲದಿದ್ದರೆ ಕುಲುಕಾಟಕ್ಕೆ ನಟ್ಟು ಸಡಿಲವಾಗುತ್ತದೆ. ಅತಿಯಾದರೆ ಉಕ್ಕು ತನ್ನ ಮೊದಲಿನ ಉದ್ದಕ್ಕೆ ವಾಪಸ್ ಬರುವುದಿಲ್ಲ. ಒಂದೋ ಥ್ರೆಡ್, ಅಂದರೆ ನಟ್ಟು ತಿರುಗುವ ಸುರುಳಿ ಗೆರೆ, ಕಿತ್ತು ಹೋಗುತ್ತದೆ, ಇಲ್ಲವೇ ಬೋಲ್ಟು ತುಂಡಾಗುತ್ತದೆ.

ನಾವು ನಿಜವಾಗಿ ಅಳೆಯಬೇಕಾದದ್ದು ಈ ಎಳೆತವನ್ನು. ಮನೆಯಲ್ಲಿ ಅದು ಆಗದ ಮಾತು. ಅದರ ಬದಲು ತಿರುಗಿಸುವ ಬಲವನ್ನು ಅಳೆಯುತ್ತೇವೆ. ಅದೇ ಟಾರ್ಕ್. ಇಲ್ಲಿ ಒಂದು ತೊಡಕಿದೆ. ನೀವು ಹಾಕಿದ ಟಾರ್ಕಿನಲ್ಲಿ ಹೆಚ್ಚುಕಮ್ಮಿ ಅರ್ಧ ಭಾಗ ನಟ್ಟಿನ ಮುಖ ಕೆಳಗಿನ ವಾಷರಿಗೆ ಉಜ್ಜುವುದರಲ್ಲೇ ಮುಗಿದು ಹೋಗುತ್ತದೆ. ಇನ್ನು 40 ಪರ್ಸೆಂಟ್ ಥ್ರೆಡ್ಡಿಗೆ ಥ್ರೆಡ್ ಉಜ್ಜುವುದಕ್ಕೆ. ಬೋಲ್ಟನ್ನು ಹಿಗ್ಗಿಸಲು ಉಳಿಯುವುದು ಸುಮಾರು 10 ಪರ್ಸೆಂಟ್ ಮಾತ್ರ. ಹೀಗಾಗಿ ಘರ್ಷಣೆ ಚೂರು ಬದಲಾದರೂ ಎಳೆತ ತುಂಬಾ ಬದಲಾಗುತ್ತದೆ.

ಲೆಕ್ಕದಲ್ಲೇ ನೋಡಿ. 16 ಮಿಲಿಮೀಟರ್ ದಪ್ಪದ, ತಲೆಯ ಮೇಲೆ 8.8 ಅಂತ ಗುರುತಿರುವ ಬೋಲ್ಟು ತೆಗೆದುಕೊಳ್ಳಿ. ಒಣ ಥ್ರೆಡ್ಡಿಗೆ 200 ನ್ಯೂಟನ್ ಮೀಟರ್ ಹಾಕಿದರೆ ಸುಮಾರು 6.4 ಟನ್ ಎಳೆತ ಬರುತ್ತದೆ. ಅದೇ ಥ್ರೆಡ್ಡಿಗೆ ಎಣ್ಣೆ ಹಚ್ಚಿ, ಅದೇ 200 ಹಾಕಿದರೆ ಎಳೆತ ಎಂಟೂವರೆ ಟನ್ನಿಗೆ ಏರಬಹುದು. ಈ ಬೋಲ್ಟು ಶಾಶ್ವತವಾಗಿ ಹಿಗ್ಗಿ ಹಾಳಾಗುವುದು 10 ಟನ್ನಿನ ಆಸುಪಾಸಿನಲ್ಲಿ. ಅಂದರೆ ಬರೀ ಒಂದು ಹನಿ ಎಣ್ಣೆ ನಿಮ್ಮನ್ನು ಅಂಚಿಗೆ ತಂದು ನಿಲ್ಲಿಸುತ್ತದೆ. ಈಗ ಇದೇ ಬೋಲ್ಟಿಗೆ ಒಂದು ಮೀಟರ್ ಪೈಪು ಹಾಕಿ 60 ಕೆಜಿ ತೂಕದ ಮನುಷ್ಯ ತುದಿಯಲ್ಲಿ ನಿಂತ ಅಂತಿಟ್ಟುಕೊಳ್ಳಿ. 588 ನ್ಯೂಟನ್ ಮೀಟರ್ ಆಯಿತು! ಬೋಲ್ಟು ತಡೆಯುವ ಮಾತೇ ಇಲ್ಲ.

ಆ 8.8ಕ್ಕೂ ಅರ್ಥ ಇದೆ. ಮೊದಲ ಅಂಕಿಯನ್ನು ನೂರರಿಂದ ಗುಣಿಸಿದರೆ ಉಕ್ಕು ತುಂಡಾಗುವ ಒತ್ತಡ, ಪ್ರತಿ ಚದರ ಮಿಲಿಮೀಟರಿಗೆ 800 ನ್ಯೂಟನ್. ಎರಡನೆಯ ಅಂಕಿ, ಅದರಲ್ಲಿ 80 ಪರ್ಸೆಂಟಿಗೆ, ಅಂದರೆ 640ಕ್ಕೆ ಶಾಶ್ವತ ಹಿಗ್ಗು ಶುರು ಅಂತ ಹೇಳುತ್ತದೆ. 10.9 ಅಂತಿದ್ದರೆ 1000 ಮತ್ತು 900. ಅಂಗಡಿಯಲ್ಲಿ ಬದಲಿ ಬೋಲ್ಟು ತರುವಾಗ ಉದ್ದ, ದಪ್ಪ ನೋಡಿದರೆ ಸಾಲದು. ತಲೆಯ ಮೇಲಿನ ಈ ಅಂಕಿಯನ್ನೂ ಓದಿ. ಅಂಕಿಯೇ ಇಲ್ಲದ ಬೋಲ್ಟು ಗೇಟಿಗೆ ಸರಿ, ಚಕ್ರಕ್ಕಲ್ಲ.

ಹಾಗಾಗಿ ಮೊದಲ ಟೂಲು ಒಂದು ವೈರ್ ಬ್ರಷ್ಷು. ಥ್ರೆಡ್ಡಿನ ತುಕ್ಕು, ಮಣ್ಣು, ಹಳೇ ಪೇಂಟು ಎಲ್ಲ ಉಜ್ಜಿ ತೆಗೆಯಿರಿ. ನಟ್ಟು ಕೈಯಲ್ಲೇ ಕೊನೆಯವರೆಗೆ ಸಲೀಸಾಗಿ ತಿರುಗಬೇಕು. ಮ್ಯಾನ್ಯುಯಲ್‌ನಲ್ಲಿ ಎಣ್ಣೆ ಹಚ್ಚಿ ಅಂತ ಇದ್ದರೆ ಮಾತ್ರ ಹಚ್ಚಿ. ಇಲ್ಲದಿದ್ದರೆ ಒಣಗಿಸಿ ಹಾಕಿ. ಬಿಗಿಯುತ್ತಲೇ ಟಾರ್ಕ್ ಅಳೆಯುವ ಸ್ಪ್ಯಾನರಿಗೆ ಟಾರ್ಕ್ ರೆಂಚ್ ಅಂತಾರೆ. ಒಳ್ಳೆಯ ಟಾರ್ಕ್ ರೆಂಚಿನ ತಪ್ಪು ನಾಲ್ಕು ಪರ್ಸೆಂಟಿನೊಳಗೆ ಇರಬೇಕು ಅಂತ ನಿಯಮ ಇದೆ. ಆದರೆ ಘರ್ಷಣೆಯ ದೆಸೆಯಿಂದ ಎಳೆತದಲ್ಲಿ ಬರುವ ಏರುಪೇರು 25 ಪರ್ಸೆಂಟ್ ದಾಟುವುದುಂಟು. ಕೊಳಕು ಥ್ರೆಡ್ಡಿಗೆ ದುಬಾರಿ ರೆಂಚ್ ಹಾಕುವುದಕ್ಕಿಂತ, ಶುದ್ಧ ಥ್ರೆಡ್ಡಿಗೆ ಮನೆಯ ಅಳತೆ ಹಾಕುವುದೇ ಮೇಲು ಅಂತ ನಾನು ಧೈರ್ಯವಾಗಿ ಹೇಳುತ್ತೇನೆ.

ಅಂಗಳದ ಟಾರ್ಕ್ ಲೆಕ್ಕ

ಟಾರ್ಕ್ ಅಂದರೆ ಬಲವನ್ನು ದೂರದಿಂದ ಗುಣಿಸಿದ್ದು, ಅಷ್ಟೇ. ಬಲವನ್ನು ಕೆಜಿಯಲ್ಲಿ, ದೂರವನ್ನು ಮೀಟರಿನಲ್ಲಿ ಇಟ್ಟು ಗುಣಿಸಿ, ಬಂದದ್ದನ್ನು 9.81ರಿಂದ ಮತ್ತೆ ಗುಣಿಸಿದರೆ ನ್ಯೂಟನ್ ಮೀಟರ್. ದೂರ ಅಳೆಯಬೇಕಾದದ್ದು ನಟ್ಟಿನ ನಡುಮಧ್ಯದಿಂದ, ಬಲ ಬೀಳುವ ಜಾಗದವರೆಗೆ. ಪೈಪಿನ ಒಟ್ಟು ಉದ್ದ ಇಲ್ಲಿ ಲೆಕ್ಕಕ್ಕಿಲ್ಲ.

ತೂಕ ಗೊತ್ತಿರುವ ವಸ್ತು ಎಲ್ಲರ ಮನೆಯಲ್ಲೂ ಇದೆ. 20 ಲೀಟರಿನ ಕುಡಿಯುವ ನೀರಿನ ಕ್ಯಾನು. ಒಂದು ಲೀಟರ್ ನೀರು ಒಂದು ಕೆಜಿ. ಖಾಲಿ ಕ್ಯಾನನ್ನು ಬೇರೆಯಾಗಿ ತೂಗಿ ಸೇರಿಸಿಕೊಳ್ಳಿ. ಎಲ್ಲ ಸೇರಿ 21 ಕೆಜಿ ಆಯಿತು ಅಂದುಕೊಳ್ಳೋಣ. ನಮ್ಮ ಆಕ್ಸಲ್ ನಟ್ಟಿಗೆ ಮ್ಯಾನ್ಯುಯಲ್ 180 ನ್ಯೂಟನ್ ಮೀಟರ್ ಹೇಳಿದೆ ಅಂತಿಟ್ಟುಕೊಳ್ಳೋಣ. ನಿಮ್ಮ ಕಾರಿನ ಅಂಕಿ ಬೇರೆ ಇರುತ್ತದೆ, ಅದನ್ನು ಮ್ಯಾನ್ಯುಯಲ್‌ನಲ್ಲೇ ನೋಡಿ. 180ನ್ನು 9.81ರಿಂದ ಭಾಗಿಸಿದರೆ 18.35.

ಪೈಪಿಗೂ ತನ್ನದೇ ತೂಕ ಇದೆ, ಅದನ್ನು ಕಳೆಯಬೇಕು. ಅದಕ್ಕೆ ಒಂದು ಸುಲಭ ಉಪಾಯ ಇದೆ. ಸಾಕೆಟ್, ಹ್ಯಾಂಡಲ್, ಪೈಪು ಎಲ್ಲ ಜೋಡಿಸಿ, ಸಾಕೆಟ್ ಇರುವ ತುದಿಯನ್ನು ಮೆಟ್ಟಿಲ ಮೇಲೆ ಇಡಿ. ಲಗೇಜು ತೂಗುವ ಕೈತಕ್ಕಡಿಯಿಂದ, ಸಾಕೆಟ್ಟಿನ ನಡುವಿನಿಂದ ಸರಿಯಾಗಿ ಒಂದು ಮೀಟರ್ ದೂರದ ಜಾಗದಲ್ಲಿ ಪೈಪನ್ನು ಅಡ್ಡಕ್ಕೆ ಎತ್ತಿ ಹಿಡಿಯಿರಿ. ತಕ್ಕಡಿ ಒಂದೂವರೆ ಕೆಜಿ ತೋರಿಸಿದರೆ, ಬರೀ ಪೈಪಿನಿಂದಲೇ 1.5 ಬರುತ್ತದೆ ಅಂತ ಅರ್ಥ. 18.35ರಿಂದ 1.5 ಕಳೆದರೆ 16.85. ಅದನ್ನು 21ರಿಂದ ಭಾಗಿಸಿದರೆ 0.80 ಮೀಟರ್. ನಟ್ಟಿನ ನಡುವಿನಿಂದ 80 ಸೆಂಟಿಮೀಟರ್ ದೂರದಲ್ಲಿ ಪೈಪಿಗೆ ಸೀಮೆಸುಣ್ಣದ ಗೆರೆ ಎಳೆಯಿರಿ. ಕ್ಯಾನನ್ನು ಹಗ್ಗದಲ್ಲಿ ಅಲ್ಲಿ ನೇತು ಹಾಕಿ.

ಕ್ಯಾನನ್ನು ಧಡಕ್ಕನೆ ಬಿಡಬೇಡಿ. ಕೈಯಲ್ಲಿ ಹಿಡಿದು ನಿಧಾನವಾಗಿ ಭಾರ ಬಿಡುತ್ತಾ ಬನ್ನಿ. ನಟ್ಟು ತಿರುಗುತ್ತಾ ಹೋಗಿ, ಒಂದು ಕಡೆ ನಿಲ್ಲುತ್ತದೆ. ಪೈಪು ಅಡ್ಡಕ್ಕೆ ಇರುವಾಗ ಮಾತ್ರ ಲೆಕ್ಕ ಪೂರ್ತಿ ಸರಿ. 20 ಡಿಗ್ರಿ ವಾಲಿದರೆ 6 ಪರ್ಸೆಂಟ್ ಕಮ್ಮಿ, 30 ಡಿಗ್ರಿ ವಾಲಿದರೆ 13 ಪರ್ಸೆಂಟ್ ಕಮ್ಮಿ. ಜಾಸ್ತಿ ವಾಲಿದರೆ ಸಾಕೆಟ್ ತೆಗೆದು, ಪೈಪನ್ನು ಅಡ್ಡಕ್ಕಿಂತ ಚೂರು ಮೇಲೆ ಬರುವ ಹಾಗೆ ಹಾಕಿ ಮತ್ತೆ ಮಾಡಿ. ನಿಂತ ನಟ್ಟನ್ನು ಮತ್ತೆ ಕದಲಿಸಲು ಜಾಸ್ತಿ ಬಲ ಬೇಕು. ಹಾಗಾಗಿ ಕೊನೆಯ ಸುತ್ತು ನಟ್ಟು ಚಲಿಸುತ್ತಲೇ ಬಂದು ನಿಲ್ಲುವ ಹಾಗಿರಲಿ. ಸುಮ್ನೆ ಕೂತಿದ್ದ ನಟ್ಟಿಗೆ ಕ್ಯಾನು ನೇತು ಹಾಕಿ, ಕದಲಲಿಲ್ಲ ಅಂತ ಮುಗಿಸಬೇಡಿ. ಸ್ವಲ್ಪ ಹಿಂದಕ್ಕೆ ಬಿಟ್ಟು ಮತ್ತೆ ಬಿಗಿಯಿರಿ.

ಬೋಲ್ಟು ಮೇಲ್ಮುಖವಾಗಿ ಕೂತಿದ್ದರೆ ನೀರಿನ ಕ್ಯಾನು ಕೆಲಸಕ್ಕೆ ಬರುವುದಿಲ್ಲ. ಅಲ್ಲಿ ಅದೇ ಲಗೇಜು ತಕ್ಕಡಿಯನ್ನು ಪೈಪಿನ ತುದಿಗೆ ಸಿಕ್ಕಿಸಿ ಎಳೆಯಿರಿ. ಪೈಪಿಗೆ ನೇರ ಅಡ್ಡಲಾಗಿ, ಮೂಲೆಮಟ್ಟದ ಕೋನದಲ್ಲಿ ಎಳೆಯಬೇಕು. ಅಂಕಿಯನ್ನು ನಟ್ಟು ತಿರುಗುತ್ತಿರುವಾಗಲೇ ಓದಬೇಕು. ಚಕ್ರದ ನಟ್ಟಿಗೆ 85 ನ್ಯೂಟನ್ ಮೀಟರ್ ಬೇಕು, ಸ್ಪ್ಯಾನರಿನ ಉದ್ದ 40 ಸೆಂಟಿಮೀಟರ್ ಅಂದರೆ ತಕ್ಕಡಿ ಸುಮಾರು 21.7 ಕೆಜಿ ತೋರಿಸಬೇಕು. ಇಂಥ ತಕ್ಕಡಿಗಳು ಸಾಮಾನ್ಯವಾಗಿ 50 ಕೆಜಿವರೆಗೆ ತೂಗುತ್ತವೆ, ಹಾಗಾಗಿ ಮನೆಯ ಕೆಲಸಕ್ಕೆ ಧಾರಾಳ ಸಾಕು. ಮೊದಲು ಅದನ್ನೂ ಪರೀಕ್ಷಿಸಿ. ಅಳೆದು ತುಂಬಿದ ಬಕೆಟ್ ನೀರು ನೇತು ಹಾಕಿ, ಸರಿಯಾದ ಅಂಕಿ ತೋರಿಸುತ್ತದಾ ನೋಡಿ.

ಟಾರ್ಕ್ ರೆಂಚ್ ಇದ್ದವರಿಗೂ ಇದು ಬೇಕಾಗುತ್ತದೆ. ಬೇಕಾದ ಟಾರ್ಕ್ ಮುಟ್ಟಿದಾಗ ಕ್ಲಿಕ್ ಅನ್ನುವ ಅರ್ಧ ಇಂಚಿನ ರೆಂಚುಗಳಲ್ಲಿ ಹಲವು 210 ನ್ಯೂಟನ್ ಮೀಟರಿಗೆ ನಿಲ್ಲುತ್ತವೆ. ಆಗ ಅದರ ಹಿಡಿಗೆ ಪೈಪು ಸಿಕ್ಕಿಸುವ ಆಸೆ ಆಗುತ್ತದೆ ಅಲ್ವಾ? ಬೇಡ. ಆ ರೆಂಚು ಹಿಡಿಯಲ್ಲೇ ಕೈ ಇರಬೇಕು ಅಂತ ಲೆಕ್ಕ ಹಾಕಿ ಮಾಡಿದ್ದು. ಮಿತಿ ದಾಟಿದರೆ ಒಳಗಿನ ಸ್ಪ್ರಿಂಗ್ ಹಾಳಾಗುತ್ತದೆ, ಆಮೇಲೆ ಅದು ಹೇಳುವ ಯಾವ ಅಂಕಿಯನ್ನೂ ನಂಬುವ ಹಾಗಿಲ್ಲ. ಅದರಲ್ಲಿ 200ರವರೆಗೆ ಬಿಗಿದು, ಉಳಿದದ್ದನ್ನು ಪೈಪು ಮತ್ತು ತೂಕಕ್ಕೆ ಬಿಡಿ.

ಯಾವ ಪೈಪು, ಯಾವ ಹ್ಯಾಂಡಲ್

ಒಂದೇ ಕಡೆಗೆ ಕಚ್ಚಿ ತಿರುಗಿಸುವ ರಾಚೆಟ್ ಹ್ಯಾಂಡಲಿಗೆ ಪೈಪು ಹಾಕಬೇಡಿ. ಒಳಗಿನ ಸಣ್ಣ ಹಲ್ಲುಗಳು ಅಷ್ಟು ಬಲಕ್ಕೆ ಮಾಡಿದ್ದಲ್ಲ. ಅವು ಮುರಿದಾಗ ಪೈಪಿನ ಜೊತೆ ನೀವೂ ನೆಲಕ್ಕೆ ಬೀಳುತ್ತೀರಿ. ಹಲ್ಲಿಲ್ಲದ ಗಟ್ಟಿ ಹ್ಯಾಂಡಲ್ ಬೇಕು. ಅಡ್ಡ ಸರಿಯುವ ಟಾಮಿ ಬಾರ್ ಅಥವಾ ತಲೆ ಮಡಚುವ ಉದ್ದ ಬಾರ್ ಆಗುತ್ತದೆ. ಸಾಕೆಟ್ ಆರು ಮೂಲೆಯದು ಇರಲಿ. ಹನ್ನೆರಡು ಮೂಲೆಯದು ಸಿಕ್ಕಿಸಲು ಸುಲಭ, ಆದರೆ ನಟ್ಟಿನ ಮೂಲೆಗಳನ್ನಷ್ಟೇ ಹಿಡಿಯುತ್ತದೆ. ಮೂಲೆ ಒಮ್ಮೆ ಸವೆದರೆ ಆ ನಟ್ಟು ತೆಗೆಯುವುದೇ ಒಂದು ದೊಡ್ಡ ಕೆಲಸ.

ಪೈಪಿನ ವಿಷಯದಲ್ಲಿ ಹಾರ್ಡ್‌ವೇರ್ ಅಂಗಡಿಯಲ್ಲಿ ಜಿಐ ಪೈಪು ಅಂತ ಕೇಳಿದರೆ ಸಾಲದು. ಐಎಸ್ 1239 ಅನ್ನುವ ಭಾರತೀಯ ಮಾನದಂಡದ ಪ್ರಕಾರ ಅದರಲ್ಲಿ ಮೂರು ದರ್ಜೆ ಇದೆ. ಹಳದಿ ಪಟ್ಟಿ ಇದ್ದರೆ ಎ, ತೆಳು. ನೀಲಿ ಪಟ್ಟಿ ಬಿ, ಮಧ್ಯಮ. ಕೆಂಪು ಪಟ್ಟಿ ಸಿ, ದಪ್ಪ. ಒಂದಿಂಚಿನ ಪೈಪಿನಲ್ಲಿ ಗೋಡೆಯ ದಪ್ಪ ಕ್ರಮವಾಗಿ 2.6, 3.2, 4 ಮಿಲಿಮೀಟರ್. ನೀಲಿ ಅಥವಾ ಕೆಂಪು ತನ್ನಿ. ಪೈಪು ಹ್ಯಾಂಡಲಿನ ಮೇಲೆ ಕನಿಷ್ಠ ಒಂದು ಗೇಣು ಒಳಗೆ ಹೋಗಬೇಕು. ಬರೀ ತುದಿಯಲ್ಲಿ ಸಿಕ್ಕಿಸಿದರೆ ಜಾರುತ್ತದೆ. ಪ್ಲಾಸ್ಟಿಕ್ ಪೈಪಿನ ಯೋಚನೆಯೇ ಬೇಡ.

ಗ್ಯಾರೇಜುಗಳಲ್ಲಿ ಇನ್ನೊಂದು ಉಪಾಯ ಎಲ್ಲರೂ ನೋಡಿರುತ್ತೀರಿ. ಒಂದು ಸ್ಪ್ಯಾನರಿನ ತೆರೆದ ಬಾಯಿಗೆ ಇನ್ನೊಂದರ ರಿಂಗನ್ನು ಸಿಕ್ಕಿಸಿ ಉದ್ದ ಮಾಡಿಕೊಳ್ಳುವುದು. ಕೈಗೆಟುಕದ ಜಾಗದಲ್ಲಿ, ಮಧ್ಯಮ ಗಾತ್ರದ ನಟ್ಟು ಬಿಚ್ಚಲು ಇದು ನಡೆಯುತ್ತದೆ. ಆದರೆ ಎರಡು ಸ್ಪ್ಯಾನರ್ ಸೇರುವ ಜಾಗದಲ್ಲಿ ಬಲ ಓರೆಯಾಗಿ ಬೀಳುತ್ತದೆ, ಜಾರಿದರೆ ಬೆರಳಿನ ಗಿಣ್ಣು ಒಡೆಯುತ್ತದೆ. ಬಿಗಿಯಲು ಅದನ್ನು ಬಳಸಬೇಡಿ. ಸುತ್ತಿಗೆಯಿಂದ ಸ್ಪ್ಯಾನರಿಗೆ ಹೊಡೆಯುವುದೂ ಹಾಗೆಯೇ. ತುಕ್ಕು ಹಿಡಿದ ನಟ್ಟು ಅಲುಗಾಡಿಸಲು ಅದು ಪೈಪಿಗಿಂತ ಒಳ್ಳೆಯದು, ಬಿಗಿಯುವಾಗ ಮಾತ್ರ ಎಷ್ಟು ಬಲ ಬಿತ್ತು ಅಂತ ದೇವರಿಗೇ ಗೊತ್ತು.

ಇನ್ನೊಂದು ಬದಿ ತಿರುಗದ ಹಾಗೆ

ಅರ್ಧ ಕಷ್ಟ ಇರುವುದು ಇಲ್ಲಿ. ನಟ್ಟಿನ ಜೊತೆ ಶಾಫ್ಟೂ ತಿರುಗಿದರೆ ಎಷ್ಟು ಉದ್ದದ ಪೈಪಿದ್ದೂ ಏನು ಪ್ರಯೋಜನ?

ಆಕ್ಸಲ್ ನಟ್ಟಿಗೆ ಸುಲಭದ ದಾರಿ ಒಬ್ಬರನ್ನು ಕೂರಿಸಿ ಬ್ರೇಕ್ ತುಳಿಸುವುದು. ಒಬ್ಬರೇ ಇದ್ದರೆ ಸುಮಾರು ಎರಡು ಮೂರು ಅಡಿ ಉದ್ದದ ದಪ್ಪ ಕಬ್ಬಿಣದ ಪಟ್ಟಿ ತಂದು, ಚಕ್ರದ ನಟ್ಟು ಕೂರುವ ಎರಡು ಸ್ಟಡ್ಡುಗಳ ಅಂತರಕ್ಕೆ ಸರಿಯಾಗಿ ಎರಡು ತೂತು ಕೊರೆಸಿ. ವೆಲ್ಡಿಂಗ್ ಅಂಗಡಿಯಲ್ಲಿ ಹತ್ತು ನಿಮಿಷದ ಕೆಲಸ. ಚಕ್ರ ತೆಗೆದು, ಪಟ್ಟಿಯನ್ನು ಆ ಸ್ಟಡ್ಡುಗಳಿಗೆ ನಟ್ಟು ಹಾಕಿ ಕೂರಿಸಿ. ಹಬ್ ತಿರುಗಲು ಹೊರಟರೆ ಪಟ್ಟಿಯ ಇನ್ನೊಂದು ತುದಿ ನೆಲಕ್ಕೆ ಆತು ನಿಲ್ಲುತ್ತದೆ. ಚಕ್ರಕ್ಕೆ ಎದುರು ನಿಂತು ಬಲಗಡೆ ಪೈಪು ಒತ್ತಿದರೆ ಬಿಗಿ, ಎಡಗಡೆ ಒತ್ತಿದರೆ ಸಡಿಲ. ಹಾಗಾಗಿ ಬಿಗಿಯುವಾಗ ಪಟ್ಟಿಯೂ ಬಲಗಡೆಗೇ ಇರಬೇಕು. ಬ್ರೇಕ್ ಡಿಸ್ಕಿನ ಸಂದಿಗೆ ಸ್ಕ್ರೂಡ್ರೈವರ್ ತುರುಕಿ ತಡೆಯುವವರಿದ್ದಾರೆ. ಡಿಸ್ಕೂ ಹಾಳು, ಸ್ಕ್ರೂಡ್ರೈವರೂ ಹಾಳು. ಪಟ್ಟಿ ಒಮ್ಮೆ ಮಾಡಿಸಿದರೆ ಕಾರು ಇರುವಷ್ಟು ಕಾಲ ಇರುತ್ತದೆ.

ಈ ನಟ್ಟು ಸಡಿಲ ಇರುವಾಗ ಕಾರಿನ ಭಾರ ಆ ಚಕ್ರದ ಮೇಲೆ ಬೀಳಬಾರದು, ಕಾರನ್ನು ಉರುಳಿಸಲೂಬಾರದು. ಎಷ್ಟೋ ಕಾರುಗಳಲ್ಲಿ ವೀಲ್ ಬೇರಿಂಗಿನ ಭಾಗಗಳನ್ನು ಒತ್ತಿ ಹಿಡಿದಿರುವುದೇ ಈ ನಟ್ಟು. ಅದಿಲ್ಲದೆ ಭಾರ ಬಿದ್ದರೆ ಹೊಸ ಬೇರಿಂಗೂ ಕೆಡುತ್ತದೆ. ಆದ್ದರಿಂದ ಪೂರ್ತಿ ಬಿಗಿ ಆದ ಮೇಲೆಯೇ ಚಕ್ರ ನೆಲಕ್ಕೆ ತಾಗಲಿ. ಅದುವರೆಗೆ ಕಾರು ಗಟ್ಟಿ ನೆಲದ ಮೇಲೆ, ಜಾಕ್ ಸ್ಟ್ಯಾಂಡಿನ ಮೇಲೆ ಇರಬೇಕು. ಹ್ಯಾಂಡ್ ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟಿರಬೇಕು. ಬರೀ ಜಾಕಿಯ ಮೇಲೆ ನಿಂತ ಕಾರಿಗೆ ಉದ್ದ ಪೈಪು ಹಾಕಿ ಎಳೆಯುವುದು ಜೀವಕ್ಕೆ ಕುತ್ತು. ಪೈಪನ್ನು ಕೆಳಕ್ಕೆ ಒತ್ತಿದರೆ ಕಾರು ಸ್ಟ್ಯಾಂಡಿನ ಮೇಲೆ ಇನ್ನಷ್ಟು ಕೂರುತ್ತದೆ. ಪಕ್ಕಕ್ಕೆ ಎಳೆದರೆ ಸ್ಟ್ಯಾಂಡಿನಿಂದ ಜಾರಬಹುದು. ನೀರಿನ ಕ್ಯಾನಿನ ಪದ್ಧತಿ ನನಗೆ ಇಷ್ಟವಾಗಲು ಇದೂ ಒಂದು ಕಾರಣ. ಅದು ಕೆಳಕ್ಕೆ ಮಾತ್ರ ಎಳೆಯುತ್ತದೆ.

ಬೈಕು, ಸ್ಕೂಟರುಗಳಲ್ಲಿ ಕ್ಲಚ್ ನಟ್ಟು, ಮ್ಯಾಗ್ನೆಟ್ ನಟ್ಟು ಬಿಗಿಯುವಾಗ ಎಂಜಿನ್ ತಿರುಗಿಬಿಡುತ್ತದೆ. ಅದಕ್ಕೆ ಹಳೆಯ ಉಪಾಯ ಒಂದಿದೆ. ಸ್ಪಾರ್ಕ್ ಪ್ಲಗ್ ತೆಗೆದು, ಆ ತೂತಿನಿಂದ ಮೆತ್ತನೆಯ ಹತ್ತಿ ಹಗ್ಗ ಒಳಗೆ ಬಿಡುವುದು. ಪಿಸ್ಟನ್ ಮೇಲೆ ಬಂದು ಹಗ್ಗಕ್ಕೆ ಒತ್ತಿ ನಿಲ್ಲುತ್ತದೆ. ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಎರಡೂ ವಾಲ್ವು ಮುಚ್ಚಿರುವ ಕಂಪ್ರೆಷನ್ ಸ್ಟ್ರೋಕಿನಲ್ಲೇ ಇದನ್ನು ಮಾಡಬೇಕು. ಇಲ್ಲದಿದ್ದರೆ ಹಗ್ಗ ವಾಲ್ವಿಗೆ ಸಿಕ್ಕಿ ವಾಲ್ವು ಬಾಗುತ್ತದೆ. ಹಗ್ಗದ ಬಾಲ ಹೊರಗೇ ಇರಲಿ. ಎರಡು ಗೇರು ಕಚ್ಚುವ ಕಡೆ ತಾಮ್ರದ ತುಂಡು ಇಟ್ಟು ತಡೆಯುವುದೂ ಇದೆ. ತಾಮ್ರ ಮೆತ್ತಗಿರುವುದರಿಂದ ತಾನು ನಜ್ಜಾಗುತ್ತದೆ, ಗೇರಿನ ಹಲ್ಲಿಗೆ ಏನೂ ಆಗುವುದಿಲ್ಲ.

ಬೈಕಿನ ಹ್ಯಾಂಡಲ್ ಕೆಳಗೆ, ಸ್ಟೀರಿಂಗ್ ಬೇರಿಂಗಿನ ಮೇಲೆ ಸುತ್ತಲೂ ಕಚ್ಚುಗಳಿರುವ ದುಂಡು ನಟ್ಟು ಇರುತ್ತದೆ. ಅದಕ್ಕೆ ಸಾಕೆಟ್ ಕೂರುವುದಿಲ್ಲ. ಅದರ ಅಳತೆಗೆ ಹೊಂದುವ ಜಿಐ ಪೈಪಿನ ತುಂಡಿನ ಅಂಚನ್ನು ಅರದಿಂದ ಉಜ್ಜಿ, ಆ ಕಚ್ಚುಗಳಿಗೆ ಕೂರುವ ನಾಲ್ಕು ಹಲ್ಲು ಬಿಡಿಸಿ, ಮೇಲೆ ಅಡ್ಡ ತೂತು ಕೊರೆದು ರಾಡ್ ಸಿಕ್ಕಿಸಿದರೆ ಟೂಲು ರೆಡಿ. ಈ ನಟ್ಟಿಗೆ ಬೇಕಾದ ಟಾರ್ಕ್ ಕಮ್ಮಿ, ಮೆತ್ತನೆ ಪೈಪು ತಡೆಯುತ್ತದೆ. ಇದೇ ಪೈಪಿನ ಹಲ್ಲನ್ನು ಆಕ್ಸಲ್ ನಟ್ಟಿನಂಥದ್ದಕ್ಕೆ ನಂಬಬೇಡಿ. ಅದಕ್ಕೆ ನಿಜವಾದ ಸಾಕೆಟ್ಟೇ ಬೇಕು. ಒಂದೇ ಸಾಕೆಟ್ ಬಿಡಿಯಾಗಿ ಸಿಗುತ್ತದೆ, ಬೆಂಗಳೂರಿನ ಎಸ್‌ಪಿ ರಸ್ತೆ, ಜೆಸಿ ರಸ್ತೆಯಂಥ ಕಡೆ ಪೂರ್ತಿ ಸೆಟ್ ಕೊಳ್ಳದೇ ತರಬಹುದು.

ಲಾರಿಯವರ ಲೆಕ್ಕ ಬೇರೆ. ಅಲ್ಲಿ ಚಕ್ರದ ನಟ್ಟಿಗೆ 600 ನ್ಯೂಟನ್ ಮೀಟರಿನ ಆಸುಪಾಸು ಬೇಕು. ಕ್ಲೀನರ್ ಹುಡುಗರು ಉದ್ದ ರಾಡಿನ ಮೇಲೆ ನಿಲ್ಲುವುದು ಅದಕ್ಕೇ. ಒಂದು ಮೀಟರ್ ದೂರದಲ್ಲಿ 60 ಕೆಜಿಯ ಹುಡುಗ ಸುಮ್ನೆ ನಿಂತರೆ 588 ಬಂತು, ಹೆಚ್ಚುಕಮ್ಮಿ ಸರಿಯಾದ ಅಂಕಿ. ಆದರೆ ಅವನು ಎಗರಿ ಎಗರಿ ಕುಣಿದರೆ ಅದು ಎಷ್ಟೋ ಪಟ್ಟು ಆಗುತ್ತದೆ, ಸ್ಟಡ್ಡಿಗೆ ಕಾಣದ ಬಿರುಕು ಬೀಳುತ್ತದೆ. ನಿಲ್ಲಬಹುದು, ಕುಣಿಯಬಾರದು. ಕೆಲವು ಹಳೆಯ ಲಾರಿಗಳ ಎಡಗಡೆ ಚಕ್ರಗಳಲ್ಲಿ ಥ್ರೆಡ್ ಉಲ್ಟಾ ಇರುತ್ತದೆ, ಅದನ್ನೂ ನೋಡಿಕೊಳ್ಳಬೇಕು.

ಈ ಪದ್ಧತಿ ಎಲ್ಲಿ ಬೇಡ

ಸಿಲಿಂಡರ್ ಹೆಡ್, ಕನೆಕ್ಟಿಂಗ್ ರಾಡುಗಳ ಬೋಲ್ಟುಗಳಿಗೆ ನೀರಿನ ಕ್ಯಾನು ತರಬೇಡಿ. ಅಲ್ಲಿ ಸರಿಯಾದ ರೆಂಚ್ ಬಾಡಿಗೆಗೋ ಎರವಲಿಗೋ ತನ್ನಿ. ಎಷ್ಟೋ ಎಂಜಿನ್ನುಗಳಲ್ಲಿ ಆ ಬೋಲ್ಟುಗಳನ್ನು ಬೇಕಂತಲೇ ಶಾಶ್ವತ ಹಿಗ್ಗಿನವರೆಗೆ ಎಳೆಯುತ್ತಾರೆ. ಅವನ್ನು ಎರಡನೇ ಸಲ ಹಾಕುವ ಹಾಗಿಲ್ಲ.

ಮ್ಯಾನ್ಯುಯಲ್‌ನಲ್ಲಿ ಇಷ್ಟು ಟಾರ್ಕ್, ಆಮೇಲೆ ಇನ್ನೂ 90 ಡಿಗ್ರಿ ಅಂತ ಇದ್ದರೆ ಕೋನ ಅಳೆಯುವುದು ಸುಲಭ. ಆರು ಮೂಲೆಯ ನಟ್ಟಿನಲ್ಲಿ ಒಂದು ಮುಖದಿಂದ ಮುಂದಿನ ಮುಖಕ್ಕೆ 60 ಡಿಗ್ರಿ. 90 ಅಂದರೆ ಒಂದೂವರೆ ಮುಖ. ಸಾಕೆಟ್ಟಿನ ಮೇಲೆ ಒಂದು ಬಿಳಿ ಚುಕ್ಕಿ, ಪಕ್ಕದ ಲೋಹದ ಮೇಲೆ ಒಂದು ಚುಕ್ಕಿ ಇಟ್ಟುಕೊಂಡರೆ ಆಯಿತು.

ಆಕ್ಸಲ್ ನಟ್ಟಿನ ಅಂಚನ್ನು ಶಾಫ್ಟಿನಲ್ಲಿ ಕೊರೆದ ಸಂದಿಗೆ ಬಡಿದು ಮಡಚಿರುತ್ತಾರೆ, ತಿರುಗದಿರಲಿ ಅಂತ. ಬಿಚ್ಚುವ ಮೊದಲು ಆ ಮಡಿಕೆಯನ್ನು ಉಳಿಯಿಂದ ಎಬ್ಬಿಸಬೇಕು, ಇಲ್ಲದಿದ್ದರೆ ಅದು ಥ್ರೆಡ್ಡನ್ನು ಕೆರೆದುಕೊಂಡೇ ಹೊರಬರುತ್ತದೆ. ವಾಪಸ್ ಹಾಕಲು ಹೊಸ ನಟ್ಟು ತನ್ನಿ. ಟಾರ್ಕ್ ಮುಟ್ಟಿದ ಮೇಲೆ ಮೊಂಡು ಉಳಿ ಇಟ್ಟು, ಸಣ್ಣ ಸುತ್ತಿಗೆಯಲ್ಲಿ ಅಂಚನ್ನು ಆ ಸಂದಿಯೊಳಗೆ ಮಡಚಿ. ಸ್ಪ್ಲಿಟ್ ಪಿನ್ ಇರುವ ಕಾರಾದರೆ ಹೊಸ ಪಿನ್ ಹಾಕಿ. ಪಿನ್ನಿನ ತೂತು ಕೂಡದಿದ್ದರೆ ನಟ್ಟನ್ನು ಹಿಂದಕ್ಕೆ ಬಿಡಬೇಡಿ, ಮುಂದಿನ ಕಚ್ಚಿಗೆ ಸ್ವಲ್ಪ ಬಿಗಿಯಿರಿ. ಕೊನೆಗೆ ನಟ್ಟಿನಿಂದ ಶಾಫ್ಟಿನವರೆಗೆ ಒಂದು ಪೇಂಟಿನ ಗೆರೆ ಎಳೆಯಿರಿ. ಚಕ್ರದ ನಟ್ಟುಗಳನ್ನು ಎದುರುಬದುರಾಗಿ ಬಿಗಿದು, 50ರಿಂದ 100 ಕಿಲೋಮೀಟರ್ ಓಡಿಸಿದ ಮೇಲೆ ಮತ್ತೊಮ್ಮೆ ಅದೇ ಅಳತೆಗೆ ನೋಡಿ. ಆಗಲೇ ಈ ಗೆರೆಯನ್ನೂ ಗಮನಿಸಿ. ಗೆರೆ ಕತ್ತರಿಸಿದ ಹಾಗೆ ಎರಡಾಗಿದ್ದರೆ ನಟ್ಟು ಸರಿದಿದೆ ಅಂತ. ಆ ಕಾರನ್ನು ಮುಂದೆ ಓಡಿಸದೆ, ಅಲ್ಲೇ ನಿಲ್ಲಿಸಿ ಬಿಚ್ಚಿ ನೋಡಬೇಕು.